ಒಂದೇ ಕಪ್ಪೆ, ಹಲವು ಬಣ್ಣ: ದಕ್ಷಿಣ ಆಫ್ರಿಕಾದ ಚಿತ್ತಾರದ ಜೊಂಡುಗಪ್ಪೆ

ಆಫ್ರಿಕಾ ಖಂಡದ ಆಗ್ನೇಯ ಭಾಗದಲ್ಲಿ, ಕೆರೆ, ಜೌಗು ಮತ್ತು ಕೃಷಿಹೊಂಡಗಳ ಅಂಚಿನ ಜೊಂಡಿನಲ್ಲಿ ಬಾಳುವ ಒಂದು ಪುಟ್ಟ ಕಪ್ಪೆಯಿದೆ. ಅದರ ಶಾಸ್ತ್ರೀಯ ಹೆಸರು ಹೈಪರೋಲಿಯಸ್ ಮಾರ್ಮೊರಾಟಸ್. ಇಂಗ್ಲಿಷ್ ಬಲ್ಲವರು ಪೇಂಟೆಡ್ ರೀಡ್ ಫ್ರಾಗ್ ಎನ್ನುತ್ತಾರೆ. ಈ ಬರಹದಲ್ಲಿ ಅದನ್ನು ಚಿತ್ತಾರದ ಜೊಂಡುಗಪ್ಪೆ ಎಂದು ಕರೆಯೋಣ. ಬೆಳೆದ ಕಪ್ಪೆಯ ಉದ್ದ ಸುಮಾರು 3 ಸೆಂಟಿಮೀಟರ್, ಅಂದರೆ ನಮ್ಮ ಹೆಬ್ಬೆರಳಿನ ತುದಿಗೆಣ್ಣಿನಷ್ಟು. ಬೆರಳುಗಳ ತುದಿಯಲ್ಲಿ ಅಂಟಿಕೊಳ್ಳುವ ಪುಟ್ಟ ಬಿಲ್ಲೆಗಳಿವೆ. ಅವುಗಳ ನೆರವಿನಿಂದ ನುಣುಪಾದ ಜೊಂಡಿನ ಕಡ್ಡಿಯನ್ನೂ ಸಲೀಸಾಗಿ ಹತ್ತುತ್ತದೆ. ದಕ್ಷಿಣ ಆಫ್ರಿಕಾ ದೇಶದ ಪೂರ್ವ ಭಾಗ, ಎಸ್ವಾಟಿನಿ, ಮೊಜಾಂಬಿಕ್ ಮತ್ತು ಜಿಂಬಾಬ್ವೆ ಇದರ ನೆಲೆ.

ಗಾತ್ರದಲ್ಲಿ ಇಷ್ಟೇ ಆದರೂ ಈ ಕಪ್ಪೆ ವಿಜ್ಞಾನಿಗಳಿಗೆ 180 ವರ್ಷಗಳಿಂದ ಕೆಲಸ ಕೊಟ್ಟಿದೆ. ಕಾರಣ ಅದರ ಬಣ್ಣ. ಒಂದು ಊರಿನಲ್ಲಿ ಕಪ್ಪು, ಹಳದಿ, ಬಿಳಿ ಪಟ್ಟೆಗಳು ಮೂಗಿನಿಂದ ಬೆನ್ನಿನ ತುದಿಯವರೆಗೆ ಸೀರೆಯ ಅಂಚಿನಂತೆ ಓಡುತ್ತವೆ. ಇನ್ನೊಂದು ಊರಿನಲ್ಲಿ ಕಪ್ಪು ಮೈಮೇಲೆ ತಿಳಿ ಚುಕ್ಕೆಗಳಿರುತ್ತವೆ. ಮತ್ತೊಂದು ಕಡೆ ಅಮೃತಶಿಲೆಯ ಮೇಲಿನ ಗೆರೆಗಳಂತೆ ಬಳುಕು ವಿನ್ಯಾಸ. ಒಂದೇ ಕೆರೆಯ ಒಂದೇ ಕಡ್ಡಿಯ ಮೇಲೆ ಪಟ್ಟೆಯ ಕಪ್ಪೆಯ ಪಕ್ಕದಲ್ಲೇ ಯಾವ ಚಿತ್ತಾರವೂ ಇಲ್ಲದ ಕಂದು ಕಪ್ಪೆ ಕೂತಿರುವುದೂ ಸಾಮಾನ್ಯ. ಮಧ್ಯಾಹ್ನದ ಬಿಸಿಲಿನಲ್ಲಿ ನೋಡಿದರೆ ಇವೇ ಕಪ್ಪೆಗಳು ಸುಣ್ಣ ಬಳಿದಂತೆ ಬೆಳ್ಳಗಿರುತ್ತವೆ.

ಈ ವ್ಯತ್ಯಾಸಗಳಿಗೆಲ್ಲ ಕಾರಣ ಒಂದೇ ಅಲ್ಲ. ವಯಸ್ಸು, ಲಿಂಗ, ಬಿಸಿಲು, ಊರು ಈ ನಾಲ್ಕೂ ಸೇರಿ ಒಂದು ಕಪ್ಪೆಯ ಬಣ್ಣವನ್ನು ನಿರ್ಧರಿಸುತ್ತವೆ. ಇವನ್ನು ಬೇರ್ಪಡಿಸಿ ನೋಡದೆ, ಬಣ್ಣವೊಂದನ್ನೇ ನಂಬಿ ಕಪ್ಪೆಯ ಕುಲ ಹೇಳಹೊರಟರೆ ತಪ್ಪುತ್ತದೆ. ಈ ತಪ್ಪಿನ ಬೆಲೆ ಕೆಲವೊಮ್ಮೆ ಅಳಿವಿನಂಚಿನ ಇನ್ನೊಂದು ಜೀವಿ ತೆರಬೇಕಾಗುತ್ತದೆ. ಆದ್ದರಿಂದ ಒಂದೊಂದನ್ನೇ ಬಿಡಿಸಿ ನೋಡೋಣ.

ಹೆಸರುಗಳ ಗೊಂದಲ

ಈ ಕಪ್ಪೆಗೆ ಮೊದಲು ಶಾಸ್ತ್ರೀಯ ಹೆಸರಿಟ್ಟವರು ಜರ್ಮನಿಯ ವಿಲ್‌ಹೆಲ್ಮ್ ರಾಪ್. ವರ್ಷ 1842. ಅವರ ಕೈಗೆ ಬಂದ ಮಾದರಿ ಪೋರ್ಟ್ ನಟಾಲ್‌ನದು, ಅಂದರೆ ಇಂದಿನ ಡರ್ಬನ್ ನಗರದ್ದು. ಮೈಮೇಲಿನ ಬಳುಕು ಗೆರೆಗಳನ್ನು ನೋಡಿ ಅಮೃತಶಿಲೆಯ ಹೋಲಿಕೆ ಬರುವಂತೆ ‘ಮಾರ್ಮೊರಾಟಸ್’ ಎಂದರು. ಏಳು ವರ್ಷಗಳ ಬಳಿಕ, 1849ರಲ್ಲಿ, ಆಂಡ್ರ್ಯೂ ಸ್ಮಿತ್ ದಕ್ಷಿಣದ ಚುಕ್ಕೆ ಕಪ್ಪೆಗೆ ‘ವೆರ್ರುಕೋಸಸ್’ ಎಂದು ಬೇರೆ ಹೆಸರು ಕೊಟ್ಟರು. 1854ರಲ್ಲಿ ವಿಲ್‌ಹೆಲ್ಮ್ ಪೀಟರ್ಸ್ ಮೊಜಾಂಬಿಕ್‌ನ ಪಟ್ಟೆ ಕಪ್ಪೆಗೆ ‘ಟೇನಿಯಾಟಸ್’ ಎಂದರು. ಹೀಗೆ ಹನ್ನೆರಡು ವರ್ಷದೊಳಗೆ ಮೂರು ಹೆಸರಾದವು. ಮೂವರೂ ನೋಡಿದ್ದು ಸೀಸೆಯಲ್ಲಿ ಕಾಪಿಟ್ಟು ಹಡಗಿನಲ್ಲಿ ಯೂರೋಪಿಗೆ ಬಂದಂಥ ಮಾದರಿಗಳ ಕಾಲದಲ್ಲಿ. ಮದ್ಯಸಾರದಲ್ಲಿ ಮುಳುಗಿದ ಕಪ್ಪೆಯ ಹಳದಿ, ಕೆಂಪು ಕರಗಿ ಹೋಗುತ್ತವೆ. ಉಳಿಯುವುದು ಕಪ್ಪು ವಿನ್ಯಾಸ ಮಾತ್ರ.

ಇಂದು ಹೆಚ್ಚಿನ ತಜ್ಞರು ಈ ಮೂರನ್ನೂ ಒಂದೇ ಪ್ರಭೇದದೊಳಗಿನ ಪ್ರಾದೇಶಿಕ ರೂಪಗಳೆಂದು ಕಾಣುತ್ತಾರೆ. ಆದರೆ ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. ಪೂರ್ವ, ಮಧ್ಯ ಮತ್ತು ಪಶ್ಚಿಮ ಆಫ್ರಿಕಾದಲ್ಲಿ ಇದರ ಹತ್ತಿರದ ನೆಂಟರಿದ್ದಾರೆ. ಅವುಗಳಲ್ಲಿ ಪ್ರಸಿದ್ಧವಾದದ್ದು ಹೈಪರೋಲಿಯಸ್ ವಿರಿಡಿಫ್ಲಾವಸ್. ಅಲ್ಲಿಯೂ ಊರಿಗೊಂದು ವಿನ್ಯಾಸ. ಇಪ್ಪತ್ತನೆಯ ಶತಮಾನದಲ್ಲಿ ಈ ಗುಂಪಿನಲ್ಲಿ ಬಣ್ಣದ ಆಧಾರದ ಮೇಲೆ ಉಪಪ್ರಭೇದಗಳ ಸಾಲೇ ಹುಟ್ಟಿಕೊಂಡಿತು. ಈ ಶತಮಾನದ ಆರಂಭದಲ್ಲಿ ವಿಚೋರೆಕ್, ರಾಬರ್ಟ್ ಡ್ರೂಸ್ ಮತ್ತು ಅಲನ್ ಚ್ಯಾನಿಂಗ್ ಡಿಎನ್‌ಎ ಹೋಲಿಸಿ ನೋಡಿ ಈ ಗುಂಪನ್ನು ಮತ್ತೆ ವಿಂಗಡಿಸಲು ಹೊರಟರು. ಕಣ್ಣಿಗೆ ಬೇರೆ ಬೇರೆಯಾಗಿ ಕಂಡದ್ದೆಲ್ಲ ಬೇರೆ ಕುಲವಲ್ಲ, ಒಂದೇ ತರಹ ಕಂಡದ್ದೆಲ್ಲ ಒಂದೇ ಕುಲವೂ ಅಲ್ಲ ಎಂಬುದು ಇಂಥ ಅಧ್ಯಯನಗಳಿಂದ ಗಟ್ಟಿಯಾಯಿತು.

ಎಳವೆಯ ಕಂದು, ಹರೆಯದ ಚಿತ್ತಾರ

ಬಣ್ಣ ಬದಲಾವಣೆಯ ಮೊದಲ ಕಾರಣ ವಯಸ್ಸು. ಗೊದಮೊಟ್ಟೆಯ ಬಾಲ ಕರಗಿ ಮರಿಗಪ್ಪೆ ನೀರಿನಿಂದ ಹೊರಬಂದಾಗ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲವೂ ಒಂದೇ ತರಹ ಇರುತ್ತವೆ. ಮೈ ಕಂದು ಅಥವಾ ಒಣಹುಲ್ಲಿನ ಬಣ್ಣ, ಕೆಲವಕ್ಕೆ ಇಕ್ಕೆಲಗಳಲ್ಲಿ ಮಸುಕಾದ ಗೆರೆ. ಬೆಳೆದಂತೆ ಹೆಣ್ಣುಗಳೆಲ್ಲ ಮೊದಲ ಸಲ ಮೊಟ್ಟೆಯಿಡುವ ಮುನ್ನವೇ ಈ ಕಂದನ್ನು ಬಿಟ್ಟು ಆ ಊರಿನ ಚಿತ್ತಾರ ತೊಡುತ್ತವೆ. ಗಂಡುಗಳಲ್ಲಿ ಕೆಲವು ಹೆಣ್ಣಿನಂತೆಯೇ ಬಣ್ಣ ಬದಲಿಸುತ್ತವೆ. ಉಳಿದವು ಎಳವೆಯ ಕಂದಿನಲ್ಲೇ ಉಳಿದು, ಅದೇ ವೇಷದಲ್ಲಿ ಕೂಗಿ, ಕೂಡಿ, ಸಂತಾನ ಪಡೆಯುತ್ತವೆ. ಆದ್ದರಿಂದ ಕಂದು ಕಪ್ಪೆಯೊಂದು ಕಂಡರೆ ಅದು ಮರಿಯಾಗಿರಬಹುದು, ಪೂರ್ತಿ ಬೆಳೆದ ಗಂಡೂ ಆಗಿರಬಹುದು.

ಡೆನ್ಮಾರ್ಕಿನ ಆರ್ನೆ ಶ್ಯೋಟ್ಸ್ ಆಫ್ರಿಕಾದ ಮರಗಪ್ಪೆಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಅವರು ಈ ಎರಡು ವೇಷಗಳಿಗೆ ‘ಜೆ’ ಹಂತ ಮತ್ತು ‘ಎಫ್’ ಹಂತ ಎಂದು ಹೆಸರಿಟ್ಟರು. ಜೆ ಎಂದರೆ ಎಳವೆಯದು, ಎಫ್ ಎಂದರೆ ಹೆಣ್ಣಿನದು. ಇಂದಿಗೂ ಜೊಂಡುಗಪ್ಪೆಗಳ ವಿವರಣೆಯಲ್ಲಿ ಇವೇ ಪದಗಳು ಬಳಕೆಯಲ್ಲಿವೆ.

ಗಂಡು ಹೆಣ್ಣುಗಳ ಬಣ್ಣ ಬೇರೆಯಾಗಿರುವ ಜೀವಿಗಳು ನಮಗೆ ಹೊಸವಲ್ಲ. ನವಿಲಿನಲ್ಲಿ ಗಂಡಿಗೆ ಸೊಬಗು ಹೆಚ್ಚು. ನಮ್ಮ ಗದ್ದೆಗಳ ಗೋಂಕರುಕಪ್ಪೆಯಲ್ಲೂ ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳದಿಯಾಗಿ ಹೊಳೆಯುವುದು ಗಂಡೇ. ಅದರ ಗಂಟಲ ಚೀಲಗಳು ನೀಲಿಯಾಗುತ್ತವೆ. ಕೂಡುವ ಕಾಲ ಮುಗಿದ ಮೇಲೆ ಮತ್ತೆ ಹಸಿರುಗಂದು ಬಣ್ಣಕ್ಕೆ ಮರಳುತ್ತದೆ. ಜೊಂಡುಗಪ್ಪೆಯದು ಇದಕ್ಕೆ ತಿರುವುಮುರುವು. ಇಲ್ಲಿ ಬಣ್ಣ ತಪ್ಪದೆ ಬರುವುದು ಹೆಣ್ಣಿಗೆ, ಒಮ್ಮೆ ಬಂದದ್ದು ಮತ್ತೆ ಎಳವೆಯ ಕಂದಿಗೆ ಮರಳುವುದಿಲ್ಲ.

2019ರಲ್ಲಿ ಡೇನಿಯಲ್ ಪೋರ್ಟಿಕ್ ಮತ್ತು ಸಂಗಡಿಗರು ಆಫ್ರಿಕಾದ ಈ ದೊಡ್ಡ ಕಪ್ಪೆ ಬಳಗದ ವಂಶವೃಕ್ಷವನ್ನು ಡಿಎನ್‌ಎ ಆಧಾರದ ಮೇಲೆ ಕಟ್ಟಿದರು. ಜೊಂಡುಗಪ್ಪೆಗಳ ಕುಟುಂಬದಲ್ಲಿ ಗಂಡು ಹೆಣ್ಣಿನ ಬಣ್ಣಭೇದ ಒಮ್ಮೆ ಹುಟ್ಟಿ, ಆಮೇಲೆ ಹಲವು ಕವಲುಗಳಲ್ಲಿ ಕಳೆದುಹೋಗಿದೆ ಎಂದು ಕಂಡುಬಂತು. ಬಣ್ಣಭೇದ ಉಳಿಸಿಕೊಂಡ ಕವಲುಗಳಲ್ಲಿ ಹೊಸ ಪ್ರಭೇದಗಳು ಹೆಚ್ಚುವ ಸರಾಸರಿ ವೇಗ ಉಳಿದವುಗಳ ಎರಡರಷ್ಟಿದೆ ಎಂಬುದು ಅವರ ಇನ್ನೊಂದು ತೀರ್ಮಾನ.

ಚರ್ಮದೊಳಗಿನ ಮೂರು ಪದರ

ಕಪ್ಪೆಯ ಚರ್ಮದಲ್ಲಿ ಬಣ್ಣ ಹೇಗೆ ಮೂಡುತ್ತದೆಂದು ತಿಳಿದರೆ ಮುಂದಿನ ಮಾತುಗಳು ಸುಲಭವಾಗುತ್ತವೆ. ಚರ್ಮದಲ್ಲಿ ಮೂರು ಬಗೆಯ ವರ್ಣಕೋಶಗಳು ಒಂದರ ಕೆಳಗೊಂದು ಇರುತ್ತವೆ. ಮೇಲಿನವುಗಳಲ್ಲಿ ಹಳದಿ, ಕೆಂಪು ವರ್ಣದ್ರವ್ಯಗಳಿರುತ್ತವೆ. ನಡುವಿನವುಗಳಲ್ಲಿ ಬಣ್ಣವೇ ಇಲ್ಲ. ಅವುಗಳೊಳಗೆ ಗ್ವಾನೀನ್ ಮೊದಲಾದ ವಸ್ತುಗಳ ತೆಳು ಹರಳುಗಳಿದ್ದು, ಕನ್ನಡಿ ಚೂರುಗಳಂತೆ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಕೆಳಗಿನವುಗಳಲ್ಲಿ ಕಪ್ಪು ಮೆಲನಿನ್ ತುಂಬಿರುತ್ತದೆ.

ಕನ್ನಡಿಕೋಶಗಳಿಂದ ಚದುರುವ ನೀಲಿ ಬೆಳಕು ಮೇಲಿನ ಹಳದಿಯ ಮೂಲಕ ಬಂದರೆ ನಮ್ಮ ಕಣ್ಣಿಗೆ ಹಸಿರು. ಹಳದಿ ಪದರವಿಲ್ಲದೆ ಕನ್ನಡಿಗಳಷ್ಟೇ ಇದ್ದರೆ ಬಿಳಿ. ಕೆಳಗಿನ ಕೋಶಗಳು ತಮ್ಮ ಕಪ್ಪನ್ನು ಕವಲುಗಳ ತುದಿಯವರೆಗೆ ಹರಡಿ ಕನ್ನಡಿಗಳನ್ನು ಮುಚ್ಚಿದರೆ ಮೈ ಕಪ್ಪಾಗುತ್ತದೆ. ಕಪ್ಪು ಮತ್ತೆ ಕೋಶದ ನಡುವಿಗೆ ಕುಗ್ಗಿದರೆ ಮೈ ತಿಳಿಯಾಗುತ್ತದೆ. ಹೀಗೆ ಹರಡುವುದು, ಕುಗ್ಗುವುದು ಹಾರ್ಮೋನುಗಳ ಕೆಲಸ. ಯಾವ ಜಾಗದಲ್ಲಿ ಯಾವ ಕೋಶ ಎಷ್ಟಿರಬೇಕೆಂಬುದು ಕಪ್ಪೆಯ ಪಟ್ಟೆ, ಚುಕ್ಕೆಗಳ ನಕ್ಷೆ. ಅದು ಗಂಟೆಗೊಮ್ಮೆ ಬದಲಾಗುವುದಿಲ್ಲ. ಆ ನಕ್ಷೆಯ ಮೇಲಿನ ಬಣ್ಣ ಗಾಢವೋ ತಿಳಿಯೋ ಎಂಬುದು ಮಾತ್ರ ಬೆಳಕು, ಬಿಸಿ, ತೇವ ನೋಡಿಕೊಂಡು ದಿನವೂ ಬದಲಾಗುತ್ತದೆ.

ಹಗಲಿನ ಬಿಳುಪು

ಕಪ್ಪೆ ಎಂದರೆ ಒದ್ದೆ ನೆರಳಿನ ಪ್ರಾಣಿ ಎಂದು ನಾವು ತಿಳಿದಿರುತ್ತೇವೆ. ಜೊಂಡುಗಪ್ಪೆಗಳು ಈ ಮಾತಿಗೆ ಹೊರತು. ಹಗಲು ಹೊತ್ತು ನೀರಿನಿಂದ ಮೇಲೆ, ಬಿಸಿಲು ಬೀಳುವ ಕಡ್ಡಿಯ ಮೇಲೆಯೇ ಕೈಕಾಲುಗಳನ್ನು ಮೈಯಡಿ ಮಡಚಿಕೊಂಡು ಅಲುಗದೆ ಕೂರುತ್ತವೆ. ಕೆಂಪು ಅಥವಾ ಗುಲಾಬಿ ಬಣ್ಣದ ತೊಡೆಯೊಳಭಾಗ, ಬೆರಳುಗಳು ಆಗ ಕಾಣುವುದಿಲ್ಲ. ಬೆನ್ನು ಬಿಳಿಚಿಕೊಂಡು ಚಿತ್ತಾರ ಮಾಸುತ್ತದೆ. ನೆಗೆದಾಗ ಮಾತ್ರ ಆ ಕೆಂಪು ಮಿಂಚಿ ಮರೆಯಾಗುತ್ತದೆ.

ಈ ಬಿಳುಪಿನ ಹಿಂದಿನ ಗುಟ್ಟನ್ನು ಜರ್ಮನಿಯ ಎಡ್ವರ್ಡ್ ಲಿನ್ಸೆನ್‌ಮೇರ್ ಮತ್ತು ಫ್ರಾಂಕ್ ಕೋಬೆಲ್ಟ್ 1980ರ ದಶಕದಿಂದ ಬಿಡಿಸಿದರು. ಅವರು ಅಧ್ಯಯನ ಮಾಡಿದ್ದು ಪಶ್ಚಿಮ ಆಫ್ರಿಕಾದ ಹುಲ್ಲುಗಾವಲಿನ ನೆಂಟಗಪ್ಪೆಯನ್ನು. ಅಲ್ಲಿ ಬೇಸಿಗೆಯೆಂದರೆ ತಿಂಗಳುಗಟ್ಟಲೆ ಒಂದು ಹನಿ ಮಳೆಯಿಲ್ಲ. ಮರಿಗಪ್ಪೆಗಳು ನೆಲದಡಿ ಸೇರದೆ ಒಣಗಿದ ಹುಲ್ಲುಕಡ್ಡಿಯ ಮೇಲೆಯೇ ಆ ಕಾಲವನ್ನು ಕಳೆಯುತ್ತವೆ. ಆಗ ಅವುಗಳ ಚರ್ಮದ ಕನ್ನಡಿಕೋಶಗಳು ಹೆಚ್ಚಿ, ಒಂದರ ಮೇಲೊಂದು ಪದರವಾಗಿ ಜೋಡಿಸಿಕೊಳ್ಳುತ್ತವೆ. ಬಿದ್ದ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ.

ಆ ಕನ್ನಡಿಗೆ ಬೇಕಾದ ಕಚ್ಚಾವಸ್ತು ಎಲ್ಲಿಂದ ಬರುತ್ತದೆ ಎಂಬುದು ಇನ್ನೂ ಸೊಗಸಾದ ಸಂಗತಿ. ಪ್ರಾಣಿಯ ಮೈಯಲ್ಲಿ ಸಾರಜನಕದ ಕಸ ಹುಟ್ಟುತ್ತಲೇ ಇರುತ್ತದೆ. ಅದನ್ನು ಮೂತ್ರದಲ್ಲಿ ಹೊರಹಾಕಲು ನೀರು ಬೇಕು. ನೀರೇ ಇಲ್ಲದ ಕಾಲದಲ್ಲಿ ಈ ಕಪ್ಪೆ ಆ ಕಸದ ಒಂದು ಭಾಗವನ್ನು ಗ್ವಾನೀನ್ ಜಾತಿಯ ಹರಳುಗಳಾಗಿ ಚರ್ಮದಲ್ಲಿ ಕೂಡಿಡುತ್ತದೆ. ಕಸವೂ ವಿಲೇವಾರಿಯಾಯಿತು, ಬಿಸಿಲಿಗೆ ಕೊಡೆಯೂ ಆಯಿತು. ಚಿತ್ತಾರದ ಜೊಂಡುಗಪ್ಪೆಯ ನೆಲೆ ಅಷ್ಟು ಒಣ ನಾಡಲ್ಲ. ಆದರೂ ಹಗಲಿನಲ್ಲಿ ಅದು ಬೆಳ್ಳಗಾಗುವುದು ಇದೇ ಬಗೆಯ ಕನ್ನಡಿಕೋಶಗಳಿಂದ.

ಊರಿಂದೂರಿಗೆ ಬದಲಾಗುವ ವಿನ್ಯಾಸ

ಮೂರನೆಯದು ಸ್ಥಳ. ದಕ್ಷಿಣ ಆಫ್ರಿಕಾ ದೇಶದ ಭೂಪಟವನ್ನು ಮುಂದಿಟ್ಟುಕೊಂಡು ಈಶಾನ್ಯದಿಂದ ನೈಋತ್ಯಕ್ಕೆ ಕರಾವಳಿಗುಂಟ ಬಂದರೆ ವಿನ್ಯಾಸ ಬದಲಾಗುತ್ತ ಹೋಗುವುದು ತಿಳಿಯುತ್ತದೆ. ಮೊಜಾಂಬಿಕ್‌ಗೆ ಹತ್ತಿಕೊಂಡ ತಗ್ಗುನಾಡಿನಲ್ಲಿ ಮತ್ತು ಕ್ವಾಜುಲು ನಟಾಲ್‌ನ ಉತ್ತರದಲ್ಲಿ ಉದ್ದನೆಯ ಪಟ್ಟೆಗಳು. ಡರ್ಬನ್ ಆಸುಪಾಸಿನಲ್ಲಿ ಗೆರೆ, ಮಚ್ಚೆ, ಬಳುಕು ಎಲ್ಲವೂ ಬೆರೆತ ರೂಪ. ದಕ್ಷಿಣಕ್ಕೆ ಇಳಿದು ಪೂರ್ವ ಕೇಪ್ ಪ್ರಾಂತ ತಲುಪಿದರೆ ಗಾಢ ಮೈಮೇಲೆ ತಿಳಿ ಚುಕ್ಕೆಗಳು.

ಈ ಮೂರರ ನಡುವೆ ಬೇಲಿ ಹಾಕಿದಂಥ ಗೆರೆಯಿಲ್ಲ. ಎರಡು ರೂಪಗಳು ಸಂಧಿಸುವ ಸೀಮೆಯಲ್ಲಿ ಅವು ಕೂಡಿ ಮರಿಮಾಡುತ್ತವೆ. ಅಲ್ಲಿನ ಕಪ್ಪೆಗಳನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಹೇಳುವುದು ಕಷ್ಟ. ನಕ್ಷೆ ಬರೆಯುವವರು ಗೆರೆ ಎಳೆಯಲೇಬೇಕು. ಗೆರೆಯ ಮೇಲೆ ಬಾಳುವವರಿಗೆ ಎರಡೂ ಕಡೆ ನೆಂಟರಿರುತ್ತಾರೆ. ಗಡಿನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಣ್ಣು ಆರಿಸುವುದು ದನಿ ಕೇಳಿ

ಇಷ್ಟೊಂದು ಬಣ್ಣವಿದ್ದರೂ ಗಂಡನ್ನು ಹುಡುಕಿಕೊಂಡು ಬರುವ ಹೆಣ್ಣಿಗೆ ದಾರಿ ತೋರುವುದು ದನಿ. ಬೇಸಿಗೆಯ ಮಳೆಗಾಲದ ರಾತ್ರಿಗಳಲ್ಲಿ ಗಂಡುಗಳು ಜೊಂಡಿನ ಮೇಲೆ ಕೂತು ಚಿಕ್ಕ ಸೀಟಿ ಹೊಡೆದಂತೆ ಚೂಪಾಗಿ ಕೂಗುತ್ತವೆ. ಕೂಗುವಾಗ ಗಂಟಲ ಚೀಲ ತಲೆಗಿಂತ ದೊಡ್ಡದಾಗಿ ಉಬ್ಬುತ್ತದೆ. ನೂರಾರು ಗಂಡುಗಳು ಸೇರಿದ ಕೆರೆಯ ದಂಡೆಯಲ್ಲಿ ನಿಂತರೆ ಪಕ್ಕದವರ ಮಾತು ಕೇಳಿಸದು.

ಜೊಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯದ ನೆವಿಲ್ ಪಾಸ್‌ಮೋರ್ ಮತ್ತು ಅವರ ಸಹೋದ್ಯೋಗಿಗಳು 1980 ಮತ್ತು 1990ರ ದಶಕಗಳಲ್ಲಿ ಈ ಕಪ್ಪೆಯ ಮೇಲೆ ಹಲವು ಪ್ರಯೋಗ ಮಾಡಿದರು. ಸ್ಪೀಕರಿನಿಂದ ಗಂಡಿನ ಕೂಗನ್ನು ಕೇಳಿಸಿ ಹೆಣ್ಣು ಯಾವ ಕಡೆ ಹೋಗುತ್ತದೆಂದು ನೋಡಿದರು. ಸ್ಪೀಕರನ್ನು ಎತ್ತರದಲ್ಲಿಟ್ಟರೂ ಹೆಣ್ಣು ದನಿಯ ಜಾಡು ಹಿಡಿದು ಕಡ್ಡಿ ಹತ್ತಿ ಅಲ್ಲಿಗೇ ತಲುಪಿತು. ಇಷ್ಟು ಚಿಕ್ಕ ತಲೆಯ ಪ್ರಾಣಿ ದನಿಯ ದಿಕ್ಕು, ಎತ್ತರ ಎರಡನ್ನೂ ಗುರುತಿಸುತ್ತದೆ ಎಂಬುದು ಅಂದು ದೊಡ್ಡ ಸುದ್ದಿ. ಕೂಗಿನ ಜೋರು, ಕೂಗುವ ಗತಿ ಇವುಗಳಿಗೆ ಹೆಣ್ಣು ಹೇಗೆ ಓಗೊಡುತ್ತದೆ ಎಂಬುದನ್ನೂ ಅವರು ಪರಿಶೀಲಿಸಿದರು.

ಕಂದು ಗಂಡು, ಚಿತ್ತಾರದ ಗಂಡು ಇಬ್ಬರೂ ಒಂದೇ ತರಹ ಕೂಗುತ್ತಾರೆ. ಕಪ್ಪೆ ಹುಡುಕಿಕೊಂಡು ಹೋಗುವ ತಜ್ಞರೂ ಅದಕ್ಕೇ ಟಾರ್ಚಿಗಿಂತ ಮೊದಲು ಕಿವಿಯನ್ನು ನಂಬುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಪೊದೆಗಪ್ಪೆಗಳಲ್ಲೂ ಬಣ್ಣ ಬಹಳ ಬದಲಾಗುವುದರಿಂದ ಕೂಗು ಮತ್ತು ಡಿಎನ್‌ಎ ಎರಡೂ ಗುರುತಿಗೆ ಬೇಕಾಗುತ್ತವೆ.

ಪಶ್ಚಿಮ ಕೇಪ್‌ಗೆ ಬಂದ ಹೊಸಬರು

ಚಿತ್ತಾರದ ಜೊಂಡುಗಪ್ಪೆಯ ಹಳೆಯ ನೆಲೆ ಕರಾವಳಿಗುಂಟ ಪಶ್ಚಿಮಕ್ಕೆ ಬಂದು ತ್ಸಿತ್ಸಿಕಾಮ್ಮಾ ಸೀಮೆಯ ಹತ್ತಿರ ಮುಗಿಯುತ್ತಿತ್ತು. 1990ರ ದಶಕದ ಕೊನೆಯಲ್ಲಿ ಅಲ್ಲಿಂದ ನೂರಾರು ಕಿಲೋಮೀಟರ್ ಪಶ್ಚಿಮದ ವಿಲಿಯರ್ಸ್‌ಡಾರ್ಪ್ ಎಂಬ ಹಣ್ಣುತೋಟಗಳ ಊರಿನಲ್ಲಿ ಅದರ ಕೂಗು ಕೇಳಿತು. ಕೆಲವೇ ವರ್ಷಗಳಲ್ಲಿ ಕೇಪ್‌ಟೌನ್ ನಗರದ ಸುತ್ತಮುತ್ತಲೂ ಕಾಣಿಸಿಕೊಂಡಿತು. ಒಂದೇ ತಾಣದಲ್ಲಿ ಬೇರೆ ಬೇರೆ ವಿನ್ಯಾಸದ ಕಪ್ಪೆಗಳು ಸಿಕ್ಕಿದ್ದರಿಂದ ಪ್ರಶ್ನೆ ಎದ್ದಿತು: ಇವು ಎಲ್ಲಿಂದ ಬಂದವು? ವಾತಾವರಣ ಬೆಚ್ಚಗಾದ್ದರಿಂದ ತಾವಾಗಿ ಹಬ್ಬಿದವೋ, ಯಾರಾದರೂ ತಂದರೋ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ತಾನಾಗಿ ಹಬ್ಬಿದ ಪ್ರಾಣಿಯನ್ನು ನೋಡುವ ರೀತಿ ಬೇರೆ, ಮನುಷ್ಯರ ಮೂಲಕ ಬಂದು ನೆಲೆಯೂರಿದ ಪ್ರಾಣಿಯನ್ನು ನಿಭಾಯಿಸುವ ರೀತಿ ಬೇರೆ. ಪಶ್ಚಿಮ ಕೇಪ್‌ನಲ್ಲಿ ಬೇರೆಲ್ಲೂ ಇಲ್ಲದ ಕಪ್ಪೆಗಳು ಹಲವಿವೆ. ಅಲ್ಲಿನದೇ ಆದ ಒಂದು ಜೊಂಡುಗಪ್ಪೆ ಆರಮ್ ಲಿಲಿ ಹೂವಿನೊಳಗೆ ಅಡಗಿ ಕೂರುವುದಕ್ಕೆ ಹೆಸರಾಗಿದೆ. ಹೊಸಬರಿಂದ ಇವುಗಳಿಗೆ ತೊಂದರೆಯಾದೀತೇ ಎಂಬ ಆತಂಕ ಸಹಜವಾಗಿತ್ತು.

2008ರಲ್ಲಿ ಕ್ರಿಸ್ಟಲ್ ಟಾಲಿ, ಸಾರಾ ಡೇವಿಸ್ ಮತ್ತು ಸ್ಟೀವನ್ ಚೌನ್ ಇದಕ್ಕೆ ಡಿಎನ್‌ಎ ಮೂಲಕ ಉತ್ತರ ಹುಡುಕಿದರು. ಹಳೆಯ ನೆಲೆಯ ಬೇರೆ ಬೇರೆ ಭಾಗಗಳ ಕಪ್ಪೆಗಳನ್ನು ಹೊಸ ತಾಣಗಳ ಕಪ್ಪೆಗಳೊಡನೆ ಹೋಲಿಸಿದರು. ಹೊಸ ತಾಣದ ಕಪ್ಪೆಗಳ ಮೂಲ ಒಂದಲ್ಲ, ಹಲವು ಎಂದು ತಿಳಿಯಿತು. ಪಕ್ಕದ ಸೀಮೆಯಿಂದ ಹಬ್ಬಿದ ವಂಶಗಳ ಜೊತೆಗೆ ದೂರದಿಂದ ನೆಗೆದು ಬಂದ ವಂಶಗಳೂ ಇದ್ದವು. ಮೂರು ಸೆಂಟಿಮೀಟರ್ ಕಪ್ಪೆ ಅಷ್ಟು ದೂರವನ್ನು ತಾನಾಗಿ ನೆಗೆಯುವುದಿಲ್ಲ. ನರ್ಸರಿಯ ಗಿಡಗಳು, ಸರಕಿನ ಲಾರಿಗಳು, ಪ್ರವಾಸಿಗರ ವಾಹನಗಳು ಅದಕ್ಕೆ ಸವಾರಿ ಕೊಡುತ್ತವೆ.

ಬಂದದ್ದು ಸರಿ, ಉಳಿದದ್ದು ಹೇಗೆ? ಪಶ್ಚಿಮ ಕೇಪ್‌ನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಒಣ. ಈ ಕಪ್ಪೆ ಮೊಟ್ಟೆಯಿಡುವುದೋ ಬೇಸಿಗೆಯಲ್ಲಿ. ದ್ರಾಕ್ಷಿ, ಸೇಬಿನ ತೋಟಗಳಿಗಾಗಿ ರೈತರು ಕಟ್ಟಿಸಿದ ಸಾವಿರಾರು ಕೃಷಿಹೊಂಡಗಳಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ. ಸಾರಾ ಡೇವಿಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ಹೊಂಡಗಳೇ ಕಪ್ಪೆಯ ಹರಡುವಿಕೆಗೆ ಮೆಟ್ಟಿಲುಗಳಾದವು ಎಂದು ತೋರಿಸಿತು. ಬಣ್ಣ ಇಲ್ಲಿ ಪ್ರಶ್ನೆ ಎತ್ತಿತು. ಉತ್ತರ ಕೊಟ್ಟದ್ದು ಡಿಎನ್‌ಎ ಮತ್ತು ಹೊಂಡಗಳ ಲೆಕ್ಕ.

ಕಂದು ಕಪ್ಪೆಯನ್ನು ಕಡೆಗಣಿಸಿದರೆ

ಕ್ವಾಜುಲು ನಟಾಲ್ ಕರಾವಳಿಯ ಕಿರಿದಾದ ಪಟ್ಟಿಯಲ್ಲಿ ಮಾತ್ರ ಬಾಳುವ ಇನ್ನೊಂದು ಜೊಂಡುಗಪ್ಪೆ ಇದೆ, ಪಿಕರ್ಸ್‌ಗಿಲ್ ಜೊಂಡುಗಪ್ಪೆ. ವಿಜ್ಞಾನಕ್ಕೆ ಅದರ ಪರಿಚಯವಾದದ್ದೇ 1982ರಲ್ಲಿ. ಇದರಲ್ಲೂ ಮರಿ ಮತ್ತು ಗಂಡು ಕಂದು, ಇಕ್ಕೆಲಗಳಲ್ಲಿ ತಿಳಿ ಗೆರೆ. ಬೆಳೆದ ಹೆಣ್ಣು ಹಳದಿ ಬೆರೆತ ಹಸಿರು. ಡರ್ಬನ್ ಸುತ್ತಲಿನ ಜೌಗುಗಳು ಕಟ್ಟಡಗಳಿಗೆ, ಕಬ್ಬಿನ ಗದ್ದೆಗಳಿಗೆ ಬಲಿಯಾದಂತೆ ಇದರ ನೆಲೆ ಚೂರುಚೂರಾಯಿತು. ಇಂದು ಅದು ಅಳಿವಿನ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿದೆ. ಚಿತ್ತಾರದ ಜೊಂಡುಗಪ್ಪೆಗೆ ಅಂಥ ಅಪಾಯವಿಲ್ಲ.

ತೊಡಕು ಏನೆಂದರೆ, ಇವೆರಡೂ ಒಂದೇ ಜೌಗಿನಲ್ಲಿ ಇರಬಲ್ಲವು. ಪಿಕರ್ಸ್‌ಗಿಲ್ ಗಂಡಿನ ಕೂಗು ಹುಳದ ಚಿಲಿಪಿಲಿಯಷ್ಟು ಮೆತ್ತಗೆ, ಅದೂ ಬಿಟ್ಟು ಬಿಟ್ಟು. ಚಿತ್ತಾರದ ಜೊಂಡುಗಪ್ಪೆಗಳ ಸೀಟಿಯ ಅಬ್ಬರದಲ್ಲಿ ಅದು ಮುಳುಗಿಹೋಗುತ್ತದೆ. ಜೊಂಡಿನ ನಡುವೆ ಒಂದು ಕಂದು ಕಪ್ಪೆ ಕಂಡರೂ ‘ಇದು ಚಿತ್ತಾರದ ಕಪ್ಪೆಯ ಮರಿಯಿರಬೇಕು’ ಎಂದು ಮುಂದೆ ಹೋಗುವುದು ಸುಲಭ. ಹಾಗೆ ಮುಂದೆ ಹೋದರೆ ಆ ಜೌಗಿನಲ್ಲಿ ಅಪಾಯದ ಪ್ರಭೇದವಿಲ್ಲ ಎಂದು ವರದಿಯಾಗುತ್ತದೆ. ವರದಿಯಾದ ಮೇಲೆ ಮಣ್ಣು ತುಂಬುವ ಲಾರಿಗಳಿಗೆ ಅಡ್ಡಿಯಿಲ್ಲ. ಒಂದು ಕಪ್ಪೆಯ ಬಣ್ಣವನ್ನು ಸರಿಯಾಗಿ ಓದಬಲ್ಲವರಿದ್ದಾರೋ ಇಲ್ಲವೋ ಎಂಬುದರ ಮೇಲೆ ಒಂದು ಜೌಗಿನ ಹಣೆಬರಹ ನಿಂತಿರುವುದು ಹೀಗೆ. ದಕ್ಷಿಣ ಆಫ್ರಿಕಾ ಸರ್ಕಾರ 2017ರಲ್ಲಿ ಪಿಕರ್ಸ್‌ಗಿಲ್ ಕಪ್ಪೆಗೆಂದೇ ಸಂರಕ್ಷಣಾ ಯೋಜನೆಯನ್ನು ಗೆಜೆಟ್‌ನಲ್ಲಿ ಪ್ರಕಟಿಸಿತು.

ಬಣ್ಣ ಕೊಡುವ ಎಚ್ಚರಿಕೆ

ಎಳವೆಯ ಕಂದು ಹರೆಯದ ಚಿತ್ತಾರವಾಗುವುದು ಹಾರ್ಮೋನುಗಳಿಂದ ಎಂಬುದು 1982ರಲ್ಲಿ ಖಚಿತವಾಯಿತು. ರಿಚರ್ಡ್ಸ್ ಎಂಬ ವಿಜ್ಞಾನಿ ಕೀನ್ಯಾದ ಜೊಂಡುಗಪ್ಪೆಯ ಮೇಲೆ ಪ್ರಯೋಗ ಮಾಡಿ, ಲೈಂಗಿಕ ಹಾರ್ಮೋನುಗಳು ಚರ್ಮದ ವರ್ಣಕೋಶಗಳನ್ನು ಬದಲಿಸುತ್ತವೆ ಎಂದು ತೋರಿಸಿದರು. ಮುಂದೆ ಕ್ಯಾಲಿಫೋರ್ನಿಯಾದ ಟೈರೋನ್ ಹೇಯ್ಸ್ ಇದೇ ಗುಣವನ್ನು ಬೇರೊಂದು ಕೆಲಸಕ್ಕೆ ಬಳಸಿದರು. ಅವರು ಆರಿಸಿಕೊಂಡದ್ದು ಆರ್ಗಸ್ ಜೊಂಡುಗಪ್ಪೆಯನ್ನು. ಅದರ ನೆಲೆ ಪೂರ್ವ ಆಫ್ರಿಕಾದ ಕರಾವಳಿಯಿಂದ ಕ್ವಾಜುಲು ನಟಾಲ್‌ವರೆಗೆ. ಹೆಣ್ಣಿನ ಮೈಮೇಲೆ ಕಣ್ಣುಗಳಂತೆ ತಿಳಿ ಮಚ್ಚೆಗಳು ಮೂಡುತ್ತವೆ. ನೂರು ಕಣ್ಣಿನ ಗ್ರೀಕ್ ಪುರಾಣಪುರುಷನ ಹೆಸರು ಅದಕ್ಕೆ ಬಂದದ್ದು ಹೀಗೆ. ಹೆಣ್ಣಿನ ಹಾರ್ಮೋನ್ ಎಸ್ಟ್ರಡಯಾಲ್ ಸೋಕಿಸಿದರೆ ಗಂಡುಮರಿಯೂ ಹೆಣ್ಣಿನ ಬಣ್ಣ ತಳೆಯುತ್ತದೆ.

2000ದಲ್ಲಿ ನೈಜೆಲ್ ನೊರಿಯೇಗಾ ಮತ್ತು ಹೇಯ್ಸ್ ಪ್ರಕಟಿಸಿದ ಅಧ್ಯಯನದಲ್ಲಿ ಹಾರ್ಮೋನಿನ ಬದಲು ಡಿಡಿಟಿ ಬಗೆಯ ರಾಸಾಯನಿಕಗಳನ್ನು ಪರೀಕ್ಷಿಸಲಾಯಿತು. ಅವುಗಳಲ್ಲಿ ಕೆಲವು ಎಳೆಯ ಕಪ್ಪೆಗಳಲ್ಲಿ ಹೆಣ್ಣಿನ ಬಣ್ಣವನ್ನೇ ಮೂಡಿಸಿದವು. ಅಂದರೆ ಆ ವಿಷ ಮೈಯೊಳಗೆ ಹೆಣ್ಣಿನ ಹಾರ್ಮೋನಿನ ವೇಷ ಹಾಕಿ ಕೆಲಸ ಮಾಡಿತ್ತು. ರಕ್ತ ತೆಗೆಯದೆ, ಮೈ ಕೊಯ್ಯದೆ, ಚರ್ಮದ ಮೇಲೆ ಕಣ್ಣಾಡಿಸಿ ತಿಳಿಯಬಹುದಾದ ಪರೀಕ್ಷೆ ಇದು.

ದಕ್ಷಿಣ ಆಫ್ರಿಕಾಕ್ಕೆ ಇದು ದೂರದ ಮಾತಲ್ಲ. ಮಲೇರಿಯಾ ತಡೆಯಲು ಮನೆಗೋಡೆಗಳಿಗೆ ಸಿಂಪಡಿಸುತ್ತಿದ್ದ ಡಿಡಿಟಿಯನ್ನು ಆ ದೇಶ 1996ರಲ್ಲಿ ಕೈಬಿಟ್ಟಿತು. ಬದಲಿ ಔಷಧಕ್ಕೆ ಸೊಳ್ಳೆಗಳು ಬಗ್ಗದೆ ಜ್ವರ ಏರಿದಾಗ 2000ದಲ್ಲಿ ಮತ್ತೆ ತಂದಿತು. ಜನರ ಜೀವ ಉಳಿಸುವ ಕೆಲಸ ಅದು, ನಿಲ್ಲಿಸಿ ಎನ್ನುವುದು ಸುಲಭವಲ್ಲ. ಆದರೆ ಸಿಂಪಡಿಸಿದ್ದು ಎಲ್ಲಿ ಹೋಗಿ ಸೇರುತ್ತದೆಂದು ನೋಡುತ್ತಿರಲೇಬೇಕು. ಚರ್ಮದಿಂದಲೇ ನೀರು ಕುಡಿಯುವ ಕಪ್ಪೆಗಳ ಮೇಲೆ ಮೊದಲ ಗುರುತು ಬೀಳುವ ಸಾಧ್ಯತೆ ಹೆಚ್ಚು. ಗಾಳಿಗೆ, ನೀರಿಗೆ ಬಿಟ್ಟ ಕೀಟನಾಶಕ ಏನು ಮಾಡಬಲ್ಲದೆಂಬುದನ್ನು ಕಾಸರಗೋಡಿನ ಗೇರುತೋಟಗಳ ಕೆಳಗಿನ ಎಣ್ಮಕಜೆ, ಪಡ್ರೆಯ ನಮ್ಮ ಬಂಧುಗಳು ಬಲ್ಲರು. ಅಲ್ಲಿನ ರಾಸಾಯನಿಕ ಬೇರೆ, ಎಂಡೋಸಲ್ಫಾನ್. ಆದರೆ ಹೊಳೆ, ಬಾವಿಗಳ ಸುತ್ತಲಿನ ಸಣ್ಣ ಜೀವಿಗಳನ್ನು ಮೊದಲೇ ಗಮನಿಸಬೇಕೆಂಬ ಪಾಠ ಎರಡು ಕಡೆಗೂ ಒಂದೇ.

ಗುರುತಿಸುವವರಿಗೆ ಕೆಲವು ಸೂಚನೆ

ಆಫ್ರಿಕಾದಲ್ಲಿರುವ ನೆಂಟರು ಕಳಿಸುವ ಫೋಟೊಗಳಲ್ಲಾಗಲಿ, ಪ್ರಕೃತಿ ವೀಕ್ಷಕರ ಜಾಲತಾಣಗಳಲ್ಲಾಗಲಿ ಜೊಂಡುಗಪ್ಪೆ ಕಂಡರೆ ಈ ಅಂಶಗಳನ್ನು ನೆನಪಿಡಬಹುದು.

ಹೊತ್ತು: ಮಧ್ಯಾಹ್ನದ ಬಿಸಿಲಿನ ಚಿತ್ರದಲ್ಲಿ ಬೆನ್ನಿನ ಬಣ್ಣ ನಂಬಬೇಡಿ. ರಾತ್ರಿಯ ಚಿತ್ರ ಹೆಚ್ಚು ಹೇಳುತ್ತದೆ.

ಗಂಟಲು: ಗಲ್ಲದ ಕೆಳಗೆ ಚೀಲದ ಮಡಿಕೆ ಕಂಡರೆ ಗಂಡು. ಮೈ ಕಂದಾಗಿದ್ದರೂ ಅದು ಮರಿಯಲ್ಲ.

ತೊಡೆ, ಬೆರಳು: ಕೆಂಪು ಅಥವಾ ಗುಲಾಬಿ ಬಣ್ಣವಿದೆಯೇ ನೋಡಿ. ಕೂತ ಕಪ್ಪೆಯಲ್ಲಿ ಇದು ಅಡಗಿರುತ್ತದೆ.

ಊರು: ಯಾವ ಪ್ರಾಂತ, ಯಾವ ಕೆರೆ ಎಂಬುದಿಲ್ಲದೆ ವಿನ್ಯಾಸದಿಂದ ಏನೂ ಹೇಳಲಾಗದು. ಪಶ್ಚಿಮ ಕೇಪ್‌ನಲ್ಲಿ ಊರು ತಿಳಿದರೂ ವಿನ್ಯಾಸದಿಂದ ಮೂಲ ಹೇಳಲಾಗದು.

ಕೂಗು: ಫೋನಿನಲ್ಲಿ ಹತ್ತು ಸೆಕೆಂಡು ದನಿಯನ್ನು ಮುದ್ರಿಸಿದರೆ ಒಂದು ಫೋಟೊಗಿಂತ ಹೆಚ್ಚು ಉಪಯೋಗ.

ಜೊಂಡಿನ ಕಡ್ಡಿಯ ಮೇಲೆ ಅಕ್ಕಪಕ್ಕ ಕೂತ ಪಟ್ಟೆಯ ಕಪ್ಪೆ ಮತ್ತು ಕಂದು ಕಪ್ಪೆ ಒಂದೇ ತಾಯಿಯ ಮಕ್ಕಳಾಗಿರಬಹುದು. ಒಂದೇ ತರಹ ಕಾಣುವ ಎರಡು ಕಂದು ಕಪ್ಪೆಗಳಲ್ಲಿ ಒಂದು ಎಲ್ಲೆಡೆ ಸಿಗುವುದು, ಇನ್ನೊಂದು ಆ ಜೌಗು ಬತ್ತಿದರೆ ಮತ್ತೆ ಸಿಗದಿರುವುದು ಆಗಿರಬಹುದು. ಬಣ್ಣ ನೋಡಿದ ಮೇಲೆ ವಯಸ್ಸು, ಊರು, ಹೊತ್ತು, ದನಿ ಇಷ್ಟನ್ನೂ ವಿಚಾರಿಸಿಯೇ ಹೆಸರು ಹೇಳಬೇಕು.